ಬೇವಿನ ಮರದ ಬುಟ್ಟಿ

ಮದುವೆಯಾಗಿ ಅಕ್ಕಲಕೋಟೆಗೆ ಬರುವಾಗ ಅವ್ವ ರೊಟ್ಟಿ ಇಡಲು ಒಂದು ಬಿದಿರಿನ ಬುಟ್ಟಿ ಕೊಟ್ಟಿದ್ದಳು. ವಾಗದರಿಯ ನಮ್ಮ ಮನೆಯಲ್ಲಿ ಅದು ನಾನು ಹುಟ್ಟುವ ಮೊದಲಿನಿಂದಲೂ ಇತ್ತು. ಐವತ್ತರ ದಶಕ ಮುಗಿಯುವ ಹೊತ್ತಿಗೆ ಬಣ್ಣ ಮಾಸಿ, ತಳವನ್ನು ಹುಳು ತಿಂದಿತ್ತು. ಒಲೆಗೆ ಹಾಕಲು ಹೊರಟವಳನ್ನು ನನ್ನ ಗಂಡ ತಡೆದರು.

ಅವರು ಬಡಿಗರು. ಸೊಲ್ಲಾಪುರಕ್ಕೆ ಹೋಗಿ ಮಗ್ಗಗಳ ಮರಗೆಲಸ ಮಾಡುತ್ತಿದ್ದರು. "ಇದರ ಹೆಣಿಕಿ ನೋಡು. ಎಲ್ಲಿ ಸುರು, ಎಲ್ಲಿ ಮುಗೀತು, ತಿಳೀತದೇನು? ಇದನ್ನ ಕಟ್ಟಿಗ್ಯಾಗ ತರ್ತೀನಿ," ಎಂದರು.

ಬೇವಿನ ತುಂಡೊಂದನ್ನು ತಂದು ಬಿಡುವಿದ್ದಾಗಲೆಲ್ಲ ಕೆತ್ತುತ್ತ ಕೂತರು. ಒಳಗೆ ಟೊಳ್ಳಿಲ್ಲ, ಇಡೀ ಗಟ್ಟಿ ಮರ. ಹೊರಮೈ ಮೇಲೆ ಮಾತ್ರ ಬಿದಿರಿನ ಹೆಣಿಗೆಯಂತೆ ಒಂದನ್ನೊಂದು ದಾಟುವ ಸೀಳುಗಳು. ಪ್ರತಿ ಸೀಳಿಗೂ ಮೊದಲು ಹಳೆಯ ಬುಟ್ಟಿಯ ಮೇಲೆ ಬೆರಳಾಡಿಸಿ, ಆಮೇಲೆ ಉಳಿ ಹಿಡಿಯುತ್ತಿದ್ದರು.

"ರೊಟ್ಟಿ ಇಡಾಕ ಬರಲ್ಲ, ಮತ್ಯಾಕ ಇದು?" ಎಂದು ಅತ್ತೆ ನಗುತ್ತಿದ್ದರು.

ಬಣ್ಣ ಹಚ್ಚುವ ಕೆಲಸ ನನ್ನದಾಯಿತು. ನೂಲಿಗೆ ಬಣ್ಣ ಹಾಕುವವರಿಂದ ತಂದ ಕೆಂಪನ್ನು ಜಾಲಿ ಅಂಟಿನಲ್ಲಿ ಕಲಸಿ, ಒಂದು ಬಿಟ್ಟು ಒಂದು ಸೀಳಿಗೆ ಹಚ್ಚಿದೆ.

ಆ ವಾರವೇ ಬೋರಾಮಣಿ ಕಡೆಯ ಬುಟ್ಟಿ ಮಾರುವ ಹೆಂಗಸೊಬ್ಬಳು ನಮ್ಮ ಓಣಿಗೆ ಬಂದಳು. ಕಣ್ಣು ಕಳೆದುಕೊಂಡ ಮುದುಕಿ ತಾಯಿ ಅವಳ ಕೈ ಹಿಡಿದಿದ್ದಳು. ಅವಳೂ ಬುಟ್ಟಿ ಹೆಣೆದವಳೆಂದು ತಿಳಿದು ನನ್ನ ಗಂಡ ಮುದುಕಿಯನ್ನು ಕಟ್ಟೆಯ ಮೇಲೆ ಕೂರಿಸಿ, ಮರದ ಬುಟ್ಟಿಯನ್ನು ಮುಂದಿಟ್ಟು, "ಮುಟ್ಟಿ ನೋಡ್ರಿ, ಆಯಿ," ಎಂದರು.

ಅವಳ ಬೆರಳುಗಳು ಎರಡು ಸುತ್ತು ಹೋಗಿ, ಅಂಚಿನ ಕೆಳಗೆ ನಿಂತವು.

"ಇಲ್ಲಿ ಎರಡು ಸೀಳು ಕೂಡೇ ಮ್ಯಾಲ ಬಂದಾವ."

ನನ್ನ ಗಂಡನ ಮುಖ ಸಣ್ಣದಾಯಿತು. "ತಪ್ಪ ಆಗ್ಯಾದೇನ್ರಿ?"

"ನಿಂದಲ್ಲಪ್ಪಾ, ನಂದು. ಇಕಿ, ನನ್ನ ಮಗಳು, ಚೊಚ್ಚಲ ಹಡಿಯಾಕತ್ತಿದ್ಲು. ಒಳಗಿಂದ ಕೂಸಿನ ದನಿ ಕೇಳಿ ಕೈ ತಪ್ಪಿತ್ತು. ಬಿಚ್ಚಾಕ ಮನಸ್ಸಾಗಲಿಲ್ಲ. ವಾಗದರಿಯಾಗ ಮಾರಿದ್ದೆ ಆ ಬುಟ್ಟಿ."

ನಾನು ಓಡಿಹೋಗಿ ಹಳೆಯದನ್ನು ತಂದೆ. ಅದೇ ಜಾಗದಲ್ಲಿ ಎರಡು ಸೀಳು ಜೊತೆಯಾಗಿ ಮೇಲೆದ್ದಿದ್ದವು. ಇಷ್ಟು ವರ್ಷ ಅದರಿಂದ ರೊಟ್ಟಿ ತೆಗೆದ ನಾನು ಕಂಡಿರಲಿಲ್ಲ, ಕೆತ್ತಿದವರಿಗೂ ಗೊತ್ತಾಗಿರಲಿಲ್ಲ. "ಮರದ ಬುಟ್ಟಿಗಿ ಬಣ್ಣ ಹಚ್ಚಿದಾಕಿ ನಾನ, ಆಯಿ," ಎಂದೆ.

"ಬಣ್ಣ ಎಂಥಾದ್ದು ಹಚ್ಚೀದಿ, ಅವ್ವಾ?" ಎಂದು ಮುದುಕಿ ನನ್ನನ್ನು ಕೇಳಿದಳು.

"ಕೆಂಪು. ಕುಂಕುಮದಂಗ."

"ಅಲ್ಲ. ಆವಾಗ ನಾ ಹಚ್ಚಿದಂಗ, ಹುಣಸಿ ಬೀಜದಂಗ ಇರಬೇಕು. ಎರಡು ಬಿಟ್ಟು ಒಂದಕ್ಕ."

ನನ್ನ ಬೆರಳು ಹಿಡಿದು ಒಂದೊಂದೇ ಸೀಳಿನ ಮೇಲೆ ಇಟ್ಟಳು. ನಾನು ಇದ್ದಿಲಿನಿಂದ ಗುರುತು ಹಾಕಿಕೊಂಡೆ.

ಹಚ್ಚಿದ್ದನ್ನೆಲ್ಲ ಕೆರೆದು, ಕೆಂಪಿಗೆ ದೀಪದ ಕಾಡಿಗೆ ಬೆರೆಸಿ ಮತ್ತೆ ಹಚ್ಚಿದೆ. ಕಂದು ಸೀಳುಗಳು ತಳದಿಂದ ಓರೆಯಾಗಿ ಸುತ್ತುತ್ತ, ಗುಡ್ಡದ ಕಾಲುದಾರಿಯ ಹಾಗೆ ಅಂಚಿನವರೆಗೆ ಏರಿದವು. ಕಣ್ಣಿಲ್ಲದವಳ ತಲೆಯೊಳಗೆ ಇದೆಲ್ಲ ಇತ್ತಲ್ಲ ಎಂದು ಕುಂಚ ಹಿಡಿದವಳು ಹಾಗೇ ಕೂತುಬಿಟ್ಟೆ. ಅತ್ತೆಯೂ ಬಂದು ನೋಡಿದರು, ನಗಲಿಲ್ಲ.

ಬಣ್ಣ ಒಣಗಿದ ಮೇಲೆ ಗಂಡ ಹೆಂಡತಿ ಇಬ್ಬರೂ ಬೋರಾಮಣಿಗೆ ಹೋಗಿ ಅದನ್ನು ಮುದುಕಿಯ ಮಡಿಲಲ್ಲಿಟ್ಟೆವು. ಅಂಚಿನ ಕೆಳಗಿನ ಆ ಜೋಡಿ ಸೀಳನ್ನು ಅವಳು ಬೆರಳಿನಿಂದ ಹುಡುಕಿದಳು.

"ಭಾಳ ವಜ್ಜಿ ಅದಲ್ಲೋ ಯಪ್ಪಾ," ಎಂದು ಭಾರ ತೂಗಿ ನೋಡಿ ನಕ್ಕಳು. ಕೈ ಮಾತ್ರ ತೆಗೆಯಲಿಲ್ಲ.