ಕೊನೆಯ ನಾಲ್ಕು ಸೆಕೆಂಡು

ಸ್ಟುಡಿಯೋದಲ್ಲಿ ಅವನನ್ನು ಎಲ್ಲರೂ ಮೆಲ್ಲಣ್ಣ ಎಂದೇ ಕರೆಯುತ್ತಿದ್ದರು. ಹದಿನೆಂಟು ವರ್ಷಗಳಿಂದ ಮದುವೆ, ಬೀಳ್ಕೊಡುಗೆಗಳ ವಿಡಿಯೋಗಳನ್ನು ಕತ್ತರಿಸಿ ಜೋಡಿಸುತ್ತ ಬಂದವನು. ಯಾವ ಸದ್ದೂ ಧಡಕ್ಕನೆ ಹುಟ್ಟಬಾರದು, ಧಡಕ್ಕನೆ ಸಾಯಬಾರದು ಎಂಬುದು ಅವನ ಧರ್ಮ. ಪರದೆಯ ಮೇಲಿನ ಧ್ವನಿಪಟ್ಟಿಯ ಮೊದಲ ತುದಿಯನ್ನು ಎರಡು ಸೆಕೆಂಡು ಒಳಗೆಳೆದರೆ ಮಾತು ಮೆಲ್ಲಗೆ ಏರುತ್ತಿತ್ತು. ಕೊನೆಯ ತುದಿಯನ್ನು ನಾಲ್ಕು ಸೆಕೆಂಡು ಎಳೆದರೆ ಮೆಲ್ಲಗೆ ಇಳಿದು ಸಂಗೀತಕ್ಕೆ ಜಾಗ ಬಿಡುತ್ತಿತ್ತು. ಕೈಗೆ ಅಳತೆ ಕೂತುಬಿಟ್ಟಿದ್ದರಿಂದ ಆ ತುದಿಗಳನ್ನು ಕೇಳುವ ಗೋಜಿಗೇ ಅವನು ಹೋಗುತ್ತಿರಲಿಲ್ಲ. ಮನೆಯಲ್ಲಿ ಮಾತ್ರ ಈ ವಿದ್ಯೆ ನಡೆಯುತ್ತಿರಲಿಲ್ಲ. ಹೆಂಡತಿ ಬೈಯಲು ಹೊರಟರೆ ಮೊದಲ ಅಕ್ಷರದಿಂದಲೇ ಪೂರ್ತಿ ದನಿ.

ಒಂದು ಬೆಳಿಗ್ಗೆ ನಿವೃತ್ತ ಬಸ್ ಡ್ರೈವರ್ ಒಬ್ಬ ತನ್ನ ಹೆಂಡತಿಯ ಜೊತೆ ಬಂದ. ಗಂಟಲಿನ ಆಪರೇಷನ್ ಆದಮೇಲೆ ಆತನ ದನಿ ಹೋಗಿತ್ತು. ಕೈಯಲ್ಲೊಂದು ಪುಟ್ಟ ಸ್ಲೇಟು.

"ಇವರ ರಿಟೈರ್‌ಮೆಂಟ್ ವಿಡಿಯೋ ಮಾಡಿದ್ದು ನೀನೇ ಅಲ್ವೇನಪ್ಪ?" ಎಂದಳು ಆಕೆ. "ಮ್ಯಾನೇಜರ್ರು, ಮೆಕ್ಯಾನಿಕ್ಕು, ಬಸ್ಸು ತೊಳೆಯೋರು, ಎಲ್ರಿಗೂ ಥ್ಯಾಂಕ್ಸ್ ಹೇಳಿದಾರೆ. ನನ್ನೊಬ್ಳನ್ನ ಬಿಟ್ಟು."

ಡ್ರೈವರ್ ಸ್ಲೇಟಿನ ಮೇಲೆ 'ಹೇಳಿದ್ದೆ' ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದ.

"ನೋಡು, ಎರಡು ವರ್ಷದಿಂದ ಇದೇ ರಾಗ. ಎದುರಿಗೇ ಕೂತಿದ್ದೆ, ನನ್ನ ಕಿವಿಗೇನಾಗಿತ್ತು? ಇವತ್ತು ಇತ್ಯರ್ಥ ಆಗ್ಲಿ."

"ಕೊನೇಲಿ ಬರೀ ಗಲಾಟೆ ಇರುತ್ತಮ್ಮ," ಎಂದ ಮೆಲ್ಲಣ್ಣ. ಡ್ರೈವರ್ ಸ್ಲೇಟನ್ನು ಅವನ ಮೂಗಿನವರೆಗೆ ತಂದ.

ಹಳೆಯ ಚಿತ್ರೀಕರಣವನ್ನೆಲ್ಲ ವರ್ಷಕ್ಕೊಮ್ಮೆ ಅಳಿಸಬೇಕೆಂದು ಮಾಲೀಕನ ಆಜ್ಞೆ. ಪುಣ್ಯಕ್ಕೆ ಮೆಲ್ಲಣ್ಣ ಆ ಕೆಲಸವನ್ನೂ ಮೆಲ್ಲಗೇ ಮಾಡುತ್ತಿದ್ದ. ಇವರ ಸರದಿ ಇನ್ನೂ ಬಂದಿರಲಿಲ್ಲ. ಕಡತ ತೆರೆದು, ಸಂಗೀತ ಮುಚ್ಚಿ, ತಾನೇ ಇಳಿಸಿದ್ದ ಧ್ವನಿಯ ತುದಿಯನ್ನು ಹಿಡಿದು ಹೊರಕ್ಕೆಳೆದ. ಒಂದು ಬೆರಳಿನ ಕೆಲಸ.

ಪರದೆಯ ಡ್ರೈವರ್ ಎಲ್ಲರಿಗೂ ನಮಸ್ಕಾರ ಹೇಳಿದ. ಚಪ್ಪಾಳೆ ಸಿಡಿಯಿತು. ಆತ ಮೈಕಿನಿಂದ ಮುಖ ತಿರುಗಿಸಿದ್ದ. ಆ ಸದ್ದಿನಡಿಯಿಂದ, ಒಡೆದ ಗಂಟಲಿನಲ್ಲಿ, ನಾಲ್ಕೇ ಸೆಕೆಂಡು: "ಎಲ್ರಿಗಿಂತ ಜಾಸ್ತಿ ಥ್ಯಾಂಕ್ಸ್ ಇವಳಿಗೆ. ಊಟ ಕಟ್ಟಿಕೊಟ್ಟಿದ್ದಕ್ಕಲ್ಲ, ದಾರಿ ಕಾದಿದ್ದಕ್ಕೆ."

ಆಮೇಲೆ ಪರದೆ ಕಪ್ಪಾಯಿತು. ಮೆಲ್ಲಣ್ಣ ಕೀಬೋರ್ಡಿನ ಮೇಲಿನ ಧೂಳನ್ನು ಒರೆಸತೊಡಗಿದ. ಹದಿನೆಂಟು ವರ್ಷದಲ್ಲಿ ಇನ್ನೆಷ್ಟು ಜನರ ಬಾಯಿ ಹೀಗೆ ಸೊಗಸಾಗಿ ಮುಚ್ಚಿಸಿದ್ದೇನೋ ಎಂದು ಲೆಕ್ಕ ಹಾಕುವ ಧೈರ್ಯ ಅವನಿಗಾಗಲಿಲ್ಲ.

"ಮೈಕ್ ಬಿಟ್ಟು ಹೇಳಿದ್ರೆ ಯಾರಿಗೆ ಕೇಳುತ್ತೆ?" ಎಂದಳು ಆಕೆ, ಗಂಡನ ಕಡೆ ತಿರುಗದೆ. "ಎಮ್ಮೆ ಅಡ್ಡ ಬಂದ್ರೆ ಊರೆಲ್ಲ ಕೇಳೋ ಹಾಗೆ ಹಾರನ್ ಹೊಡೀತಿದ್ರಲ್ಲ."

ಡ್ರೈವರ್ ಸದ್ದಿಲ್ಲದೆ ನಕ್ಕ. ಭುಜಗಳು ಮಾತ್ರ ಕುಣಿದವು.

"ಇನ್ನೊಂದ್ಸಲ ಹಾಕಪ್ಪ."

ಮೆಲ್ಲಣ್ಣ ಹಾಕಿದ. ದನಿ ಏರಿಸಿದ. ಚಪ್ಪಾಳೆಯೂ ಏರಿತು.

"ಆ ಚಪ್ಪಾಳೆ ತೆಗೆಯೋಕಾಗಲ್ವಾ?"

"ಎರಡೂ ಒಂದೇ ಮೈಕಲ್ಲಿ ಬಂದಿದೆಯಮ್ಮ. ಅದು ತೆಗೆದ್ರೆ ಇದೂ ಹೋಗುತ್ತೆ."

"ಇರ್ಲಿ ಬಿಡು," ಎಂದು ಆಕೆ ಕುರ್ಚಿಯನ್ನು ಸ್ಪೀಕರಿನ ಹತ್ತಿರಕ್ಕೆ ಎಳೆದುಕೊಂಡಳು. "ನನಗೆ ಕೇಳಿಸ್ತಿದೆ."