ಬಟ್ಟಲು ಮುಟ್ಟಿದರೆ ಗುರ್

ಗೆಳೆಯರೇ, ಇವತ್ತು ಮಧ್ಯಾಹ್ನ ನಮ್ಮ ನಾಯಿಮರಿ ಗುಂಡ್ಯಾ ಪಕ್ಕದ ಮನೆಯ ರಜಿಯಾ ಆಪಾ ಮೇಲೆ ಗುರ್ ಎಂದು ಎರಗಿತು. ಬಸವಕಲ್ಯಾಣದ ಬಿಸಿಲಿಗೆ ಕಾದಿದ್ದ ಅದರ ಬಟ್ಟಲನ್ನು ಪಾಪ ಅವರು ನೆರಳಿಗೆ ಸರಿಸಲು ಹೋಗಿದ್ದರು, ಅಷ್ಟೇ.

ನಮ್ಮ ಯಜಮಾನರಿಗೆ ಸಿಟ್ಟು ಬಂತು. "ಇದರ ಸ್ವಭಾವನೇ ಖರಾಬ್ ಅದ. ನಾಳೆ ಹುಮನಾಬಾದಿಗೇ ಬಿಟ್ಟು ಬರ್ತೀನಿ" ಎಂದರು. ಅಲ್ಲಿನ ಧಾಬಾದ ಹಿಂದಿನಿಂದ ಅದನ್ನು ಎತ್ತಿಕೊಂಡು ಬಂದವರೂ ಇವರೇ. ಎಸೆದ ರೊಟ್ಟಿ ಚೂರಿಗೆ ದೊಡ್ಡ ನಾಯಿಗಳೊಡನೆ ಬಡಿದಾಡಿ, ಬಹಳ ಸಲ ಉಪವಾಸ ಬಿದ್ದ ಮರಿ ಅದು.

ಆಪಾ ಬೇಸರ ಮಾಡಿಕೊಳ್ಳಲಿಲ್ಲ. "ಬಿಡ್ರಿ ಭಾಯಿ, ಸಣ್ಣದಿದ್ದಾಗ ಅದರ ಬಾಯಾಗಿಂದು ಕಸ್ಗೊಂಡಾವ. ಈಗೂ ಕಸ್ಗೋತಾರಂತ ಅಂಜಾಕತ್ತದ."

ಇವರು ಬಿಡಲಿಲ್ಲ. "ನಮ್ಮ ಮನಿಗೆ ಬಂದು ಆರು ತಿಂಗಳಾತ್ರಿ. ದಿನಾ ಹೊಟ್ಟಿ ತುಂಬ ಹಾಕ್ತೀವಿ. ಇನ್ನೂ ಎಂಥಾ ಅಂಜಿಕಿ?"

ಅದನ್ನೇ ಗೊಣಗುತ್ತ ಊಟಕ್ಕೆ ಕೂತರು. ಅವರ ತಟ್ಟೆಯಿಂದ ಒಂದು ಮೆಣಸಿನಕಾಯಿ ಭಜಿ ತೆಗೆದುಕೊಳ್ಳಲು ಕೈ ಚಾಚಿದೆ. ತಲೆಯನ್ನೂ ಎತ್ತದೆ ಎಡಗೈಯನ್ನು ತಟ್ಟೆಯ ಸುತ್ತ ಬಳಸಿಬಿಟ್ಟರು. ಚಿಕ್ಕಂದಿನಿಂದ ಹಾಸ್ಟೆಲಿನಲ್ಲಿ ಬೆಳೆದವರು. ಅಲ್ಲಿ ದೊಡ್ಡ ಹುಡುಗರು ಸಣ್ಣವರ ತಟ್ಟೆಗೆ ಕೈ ಹಾಕುತ್ತಿದ್ದರಂತೆ.

"ರೀ, ನೀವು ಹಾಸ್ಟೆಲ್ ಬಿಟ್ಟು ಎಷ್ಟು ವರ್ಷ ಆತು?" ಎಂದೆ.

ತಮ್ಮ ಕೈಯನ್ನು ನೋಡಿಕೊಂಡರು. ಬಾಗಿಲಲ್ಲಿ ಮಲಗಿದ್ದ ಗುಂಡ್ಯಾನನ್ನು ನೋಡಿದರು. ಆಮೇಲೆ ಹುಮನಾಬಾದಿನ ಮಾತೆತ್ತಲಿಲ್ಲ.

ನನಗೆ ಭಜಿಯೂ ಸಿಕ್ಕಿತು. ತಟ್ಟೆಯಲ್ಲಿದ್ದುದರಲ್ಲಿ ಎಲ್ಲಕ್ಕಿಂತ ಸಣ್ಣದು.