ಅಕ್ಕಾತಾಯಿಗೆ ಕೊಟ್ಟ ಒಂದು ಚಮಚ ನೀರು

೧೯೬೪ರಲ್ಲಿ ನಾನು ಇಚಲಕರಂಜಿಯ ಶಹಾಪುರದಲ್ಲಿ ಸಣ್ಣ ದವಾಖಾನೆ ಇಟ್ಟುಕೊಂಡಿದ್ದೆ. ಮಗ್ಗದ ಶೆಡ್ಡುಗಳ ಹತ್ತಿಧೂಳು ಕುಡಿದು ಕೆಮ್ಮುವವರೇ ದಿನಕ್ಕೆ ಎಪ್ಪತ್ತು ಎಂಬತ್ತು ಮಂದಿ. ಸಂಜೆಯ ಹೊತ್ತಿಗೆ ನನಗೆ ಯಾರ ಮುಖವೂ ಬೇಡವಾಗುತ್ತಿತ್ತು.

ಹತ್ತಿರದ ಹಳ್ಳಿ ನಾಂದಣಿಯ ಜೈನ ರೈತ ಬಾಳಗೊಂಡರ ತಾಯಿ ಅಕ್ಕಾತಾಯಿಗೆ ಲಕ್ವ ಹೊಡೆದಿತ್ತು. ವಯಸ್ಸು ಎಪ್ಪತ್ತೆರಡು. ಬಾಯಿ ಸೊಟ್ಟಗಾಗಿ ಮಾತು ನಿಂತಿತ್ತು. ಗುರುವಾರ ಹೋಗಿ ನಾಡಿ, ರಕ್ತದೊತ್ತಡ ನೋಡಿದೆ. “ಏನೂ ತಗೊಳ್ಳಾಕ ಒಲ್ಲಳ್ರಿ, ಬಟ್ಟಲ ನೂಕ್ತಾಳ,” ಎಂದರು ಮಗ. ನಾನು ಚೀಟಿಯಲ್ಲಿ ‘ಆಹಾರ ನಿರಾಕರಣೆ’ ಎಂದು ಬರೆದು ಬಸ್ಸು ಹಿಡಿದೆ.

ಶನಿವಾರ ಮತ್ತೆ ಕರೆ ಬಂತು. ಮನೆ ತುಂಬ ನೆಂಟರು ಕೈಮುಗಿದು ಕುಳಿತಿದ್ದರು. ಜೈನರಲ್ಲಿ ಸಲ್ಲೇಖನ ಎಂಬ ವ್ರತವಿದೆ. ಬಾಳು ಮುಗಿಯಿತೆಂದು ತಿಳಿದವರು ತಾವಾಗಿ ಅನ್ನನೀರು ಬಿಡುತ್ತಾರೆ.

“ಅವ್ವ ವ್ರತ ಹಿಡದಾಳ್ರಿ ಡಾಕ್ಟರ. ಮುನಿಗಳಿಗೆ ಹೇಳಿ ಕಳಸೇವಿ. ಔಷಧ ಬ್ಯಾಡ, ಒಮ್ಮೆ ನೋಡಿ ಹೋಗ್ರಿ,” ಎಂದರು ಬಾಳಗೊಂಡ. ಅವರ ಮುಖದಲ್ಲಿ ದುಃಖವೂ ಇತ್ತು, ಹೆಮ್ಮೆಯೂ ಇತ್ತು.

ನಿಜ ಹೇಳಬೇಕೆಂದರೆ, ಹೂಂ ಅಂದು ಹೊರಟುಬಿಡುವ ಆಸೆ ನನಗೂ ಇತ್ತು. ಅಷ್ಟರಲ್ಲಿ ಸೊಸೆ ಯಾರಿಗೋ ಜೋಳದ ಅಂಬಲಿ ಒಯ್ದಳು. ಮುದುಕಿಯ ಕಣ್ಣು ಬಟ್ಟಲಿನ ಹಿಂದೆಯೇ ಹೋಯಿತು. ಹಸಿದವರ ನೋಟ ಯಾರಿಗೆ ತಿಳಿಯುವುದಿಲ್ಲ?

ಲಕ್ವ ತಟ್ಟದ ಅವರ ಬಲಗೈ ಹಿಡಿದು ಕೇಳಿದೆ: “ಅಕ್ಕಾತಾಯಿ, ಊಟ ಬೇಕಾದ್ರ ನನ್ನ ಕೈ ಒತ್ತರಿ.”

ಗಟ್ಟಿಯಾಗಿ ಒತ್ತಿದರು. ಬಿಡಲೇ ಇಲ್ಲ.

ಹೊತ್ತು ಮುಳುಗಲು ಅರ್ಧ ಗಂಟೆಯಿತ್ತು. ಮುಳುಗಿದ ಮೇಲೆ ಆ ಮನೆಯಲ್ಲಿ ಯಾರೂ ತುತ್ತು ಮುಟ್ಟುವುದಿಲ್ಲ. ಇನ್ನೊಂದು ರಾತ್ರಿ ಬರಿಹೊಟ್ಟೆಯಲ್ಲಿ ಅವರು ಉಳಿಯುವ ನಂಬಿಕೆ ನನಗಿರಲಿಲ್ಲ. ಹಸಿವಿದ್ದೂ ಬಟ್ಟಲು ನೂಕಿದರೆ ತೊಂದರೆ ಗಂಟಲಿನಲ್ಲಿರಬೇಕು. ಅದರ ಎಕ್ಸ್-ರೇಗೆಂದು ಕೊಲ್ಹಾಪುರಕ್ಕೆ ಒಯ್ಯುವ ಮಾತು ದೂರವೇ ಉಳಿಯಿತು. ನನ್ನ ಬಳಿ ಇದ್ದದ್ದು ಬೆರಳು, ಕಿವಿ, ಒಂದು ಚಮಚ.

ಎತ್ತಿ ಕೂರಿಸಿ, ಗಂಟಲ ಗಂಟಿನ ಮೇಲೆ ಎರಡು ಬೆರಳಿಟ್ಟು, ಕಾಯಿಸಿ ಆರಿಸಿದ ನೀರು ಒಂದು ಚಮಚ ಕೊಟ್ಟೆ. ನುಂಗುವಾಗ ಆ ಗಂಟು ತಕ್ಷಣ ಮೇಲೇರಬೇಕು. ಅದು ತಡವಾಗಿ, ಅರ್ಧಕ್ಕೆ ಏರಿತು. ಕೆಮ್ಮು ಒತ್ತರಿಸಿ ಬಂತು. “ಆ ಅನ್ನರಿ,” ಎಂದಾಗ ದನಿ ಗೊರಗೊರ ಎಂದಿತು. ಅಂದರೆ ನೀರು ಅನ್ನನಾಳ ಬಿಟ್ಟು ಉಸಿರಿನ ದಾರಿ ಹಿಡಿದಿತ್ತು. ಬಟ್ಟಲು ನೂಕಿದ್ದು ಉಸಿರು ಕಟ್ಟುವ ಭಯಕ್ಕೆ.

ನೀರಿನಂತೆ ಜಾರದಿರಲೆಂದು ಅಂಬಲಿಯನ್ನು ಗಟ್ಟಿ ಮಾಡಿಸಿ, ಗದ್ದ ಎದೆಗೆ ಬಾಗಿಸಿ ಅರ್ಧ ಚಮಚ ಕೊಟ್ಟೆ. ಗಂಟು ಏರಿ ಇಳಿಯಿತು. ಕೆಮ್ಮಲಿಲ್ಲ. ದನಿ ತಿಳಿಯಾಗಿತ್ತು. ಹೊತ್ತು ಮುಳುಗುವುದರೊಳಗೆ ಹನ್ನೊಂದು ಚಮಚ ಹೊಟ್ಟೆ ಸೇರಿತು. ಬಾಳಗೊಂಡ ಗೋಡೆಗೆ ಮುಖ ಮಾಡಿ ಅತ್ತರು. “ಪಾಪ ಮಾಡತಿದ್ನಲ್ರಿ,” ಎನ್ನುತ್ತಲೇ ಇದ್ದರು.

ಎರಡು ತಿಂಗಳಿಗೆ ಅಕ್ಕಾತಾಯಿಗೆ ತೊದಲು ಮಾತು ಬಂತು. ನೋಡಲು ಹೋದಾಗ ಹೊಗಳುತ್ತಾರೆಂದುಕೊಂಡಿದ್ದೆ. ಅವರು ನನ್ನ ಕೈ ಹಿಡಿದು ಕೇಳಿದರು: “ಡಾಕ್ಟರ, ಗುರುವಾರ ಬಂದಿದ್ರಲ್ಲಾ, ಅವತ್ತ ಯಾಕ ಕೇಳಲಿಲ್ಲರಿ?”

ಅವತ್ತು ನಾನು ದಣಿದಿದ್ದೆ, ಅಷ್ಟೇ. ಅಲ್ಲಿಂದಾಚೆ, ದವಾಖಾನೆಯ ಬಾಗಿಲು ಮುಚ್ಚುವವರೆಗೂ, ‘ಆಹಾರ ನಿರಾಕರಣೆ’ ಎಂದು ಬರೆಯುವ ಮೊದಲು ರೋಗಿಯ ಕೈ ಹಿಡಿದು ಕೇಳಿದ್ದೇನೆ, ಒಂದು ಚಮಚ ನೀರು ತರಿಸಿದ್ದೇನೆ. ದಣಿವು ಮಾತ್ರ ಹಾಗೆಯೇ ಇತ್ತು.